ಯಾವ ಫೈಲ್ ಯಾವ ಪ್ಯಾಕೇಜಿನದು: ಡೆಬಿಯನ್ 12ರಲ್ಲಿ ಕನ್ನಡ ಓಸಿಆರ್ ಕಂಟೇನರ್ ಕಟ್ಟುವ ಲಾಗ್

ಕೆಲಸ ಇಷ್ಟು: ಸ್ಕ್ಯಾನ್ ಆದ ಕನ್ನಡ ಪುಸ್ತಕದ ಪಿಡಿಎಫ್ ಒಳಗೆ ಹೋಗಬೇಕು, ಪಠ್ಯ ಹೊರಗೆ ಬರಬೇಕು. ಪುಟಗಳನ್ನು ಚಿತ್ರವಾಗಿ ತೆಗೆಯಲು ಪಿಡಿಎಫ್‌ಟುಪಿಪಿಎಂ, ಓರೆಯಾದ ಪುಟ ನೆಟ್ಟಗೆ ಮಾಡಲು ಪೈಥಾನಿನ ಓಪನ್‌ಸಿವಿ, ಅಕ್ಷರ ಓದಲು ಟೆಸರಾಕ್ಟ್. ಉಬುಂಟು ಡೆಸ್ಕ್‌ಟಾಪಿನಲ್ಲಿ ತಕರಾರಿಲ್ಲದೆ ಓಡುವ ಸ್ಕ್ರಿಪ್ಟನ್ನು ಡೆಬಿಯನ್:12-ಸ್ಲಿಮ್ ಇಮೇಜಿಗೆ (ಡೆಬಿಯನ್ ಲಿನಕ್ಸಿನ ಕನಿಷ್ಠ ಸರಕಿನ ಡಾಕರ್ ಅಚ್ಚು; ಅದರಿಂದ ಎದ್ದು ಓಡುವ ಪ್ರತ್ಯೇಕ ಪರಿಸರವೇ ಕಂಟೇನರ್) ಹಾಕಿದರೆ ಸಾಲಾಗಿ 'ಕಮಾಂಡ್ ನಾಟ್ ಫೌಂಡ್' ಬರುತ್ತದೆ. ಬೇಕಾದ ಒಂದೊಂದು ಫೈಲಿಗೂ ಅದರ ಪ್ಯಾಕೇಜ್ ಯಾವುದು ಎಂದು ಹುಡುಕಿ, ಡಾಕರ್‌ಫೈಲಿನ (ಇಮೇಜ್ ಕಟ್ಟುವ ಸೂಚನೆಗಳ ಫೈಲ್) ಇನ್‌ಸ್ಟಾಲ್ ಸಾಲು ಕಟ್ಟಿದ ದಾಖಲೆ ಇದು.

ಕಮಾಂಡುಗಳನ್ನು ಇಲ್ಲಿ ಉಚ್ಚಾರದಂತೆ ಕನ್ನಡದಲ್ಲೇ ಬರೆದಿದೆ. ಟರ್ಮಿನಲ್ಲಿನಲ್ಲಿ ಇಂಗ್ಲಿಷ್ ಸಣ್ಣಕ್ಷರದಲ್ಲಿ ಹೊಡೆಯಬೇಕು. ದೊಡ್ಡಕ್ಷರ ಬೇಕಾದ ಕಡೆ ಹೇಳಿದೆ.

ಹಂತ 1: ಏನು ಕಾಣೆಯಾಗಿದೆ ಎಂಬ ಪಟ್ಟಿ

ಮೊದಲು ಎರರ್‌ಗಳನ್ನು ಒಟ್ಟುಮಾಡಿದ್ದು. ಒಂದು ಎರರ್, ಒಂದು ಹುಡುಕಾಟ, ಒಂದು ರೀಬಿಲ್ಡ್ ಎಂದು ಹೋದರೆ ದಿನವೆಲ್ಲ ಅದೇ ಆಗುತ್ತದೆ. ಸ್ಕ್ರಿಪ್ಟ್ ಹೊರಗಿನಿಂದ ಕರೆಯುವ ಹೆಸರುಗಳೆಲ್ಲವನ್ನೂ ಒಂದು ಲೂಪಿನಲ್ಲಿ 'ಕಮಾಂಡ್ -ವಿ' ಕೊಟ್ಟು ನೋಡಿದರೆ ಇಲ್ಲದವು ಒಮ್ಮೆಗೇ ಸಿಗುತ್ತವೆ. ಸಿಕ್ಕ ಪಟ್ಟಿ: ಪಿಡಿಎಫ್‌ಟುಪಿಪಿಎಂ, ಟೆಸರಾಕ್ಟ್, ಪಿಎಸ್ (ಓಡುತ್ತಿರುವ ಪ್ರೋಗ್ರಾಂಗಳ ಪಟ್ಟಿ ಕೊಡುವುದು), ಎನ್‌ಸಿ (ನೆಟ್‌ವರ್ಕ್ ಸಂಪರ್ಕ ನೋಡುವುದು), ಪೈಥಾನ್. ಇದರ ಜೊತೆಗೆ ಕಮಾಂಡ್ ಅಲ್ಲದ ಎರಡು: ಟೆಸರಾಕ್ಟಿನ ಕನ್ನಡ ಡೇಟಾ ಫೈಲ್ ಮತ್ತು ಲಿಬ್‌ಜಿಎಲ್.ಎಸ್‌ಒ.1 (ಜಿಎಲ್ ದೊಡ್ಡಕ್ಷರ) ಎಂಬ ಗ್ರಾಫಿಕ್ಸ್ ಲೈಬ್ರರಿ.

ಲಾಗಿನಲ್ಲಿ ಎಕ್ಸಿಟ್ ಕೋಡ್ 127 ಎಂದು ಮಾತ್ರ ಕಂಡರೆ ಅದೂ ಇದೇ ರೋಗ, ಕಮಾಂಡ್ ಸಿಗಲಿಲ್ಲ ಎಂದರ್ಥ. 126 ಬಂದರೆ ಫೈಲ್ ಇದೆ, ಓಡಿಸಲು ಆಗುತ್ತಿಲ್ಲ. ಪ್ಯಾಕೇಜ್ ಹುಡುಕಿ ಪ್ರಯೋಜನವಿಲ್ಲ. ಮೂರನೆಯದೊಂದಿದೆ, ಅದು ದಾರಿ ತಪ್ಪಿಸುತ್ತದೆ: ಫೈಲ್ ಕಣ್ಣೆದುರಿಗೇ ಇರುತ್ತದೆ, ಎಲ್‌ಎಸ್ ತೋರಿಸುತ್ತದೆ, ಆದರೂ ಶೆಲ್ 'ನೋ ಸಚ್ ಫೈಲ್ ಆರ್ ಡೈರೆಕ್ಟರಿ' ಎನ್ನುತ್ತದೆ. ಅಲ್ಲಿ ಇಲ್ಲದಿರುವುದು ಆ ಫೈಲ್ ಅಲ್ಲ, ಅದನ್ನು ಎತ್ತಿ ಓಡಿಸುವ ಲೋಡರ್ ಅಥವಾ ಇಂಟರ್‌ಪ್ರಿಟರ್. ಡೆಬಿಯನ್‌ಗೆ ಕಂಪೈಲ್ ಆದ ಬೈನರಿಯನ್ನು ಆಲ್ಪೈನ್ ಎಂಬ ಇನ್ನೊಂದು ಲಿನಕ್ಸಿಗೆ ಕಾಪಿ ಮಾಡಿದಾಗ, 32 ಬಿಟ್ ಬೈನರಿಯನ್ನು ಬರೀ 64 ಬಿಟ್ ಇರುವ ಸಿಸ್ಟಂಗೆ ತಂದಾಗ ಹೀಗಾಗುತ್ತದೆ. ಬೈನರಿಯಾದರೆ 'ರೀಡ್‌ಎಲ್ಫ್ -ಎಲ್' ಕೊಟ್ಟು ಇಂಟರ್‌ಪ್ರಿಟರ್ ಸಾಲು ನೋಡಬೇಕು, ಸ್ಕ್ರಿಪ್ಟ್ ಆದರೆ ಮೊದಲ ಸಾಲು. ಹುಡುಕಬೇಕಾದ್ದು ಅಲ್ಲಿ ಬರೆದಿರುವ ಹೆಸರನ್ನು.

ಪಟ್ಟಿಯಲ್ಲಿ 'ಪೈಥಾನ್' ಬಂದಿರುವುದೂ ಹಾಗೆಯೇ. ಒಂದು ಸ್ಕ್ರಿಪ್ಟಿನ ಮೊದಲ ಸಾಲಿನಲ್ಲಿ ಪೈಥಾನ್3 ಎಂದಿಲ್ಲ, ಬರೀ ಪೈಥಾನ್ ಎಂದಿದೆ. ಆ ಹೆಸರಿನ ಕೊಂಡಿ (ಇನ್ನೊಂದು ಫೈಲಿನತ್ತ ಕೈತೋರಿಸುವ ಹೆಸರು) ಕೊಡುವುದಕ್ಕೆಂದೇ ಪೈಥಾನ್-ಈಸ್-ಪೈಥಾನ್3 ಎಂಬ ಪ್ಯಾಕೇಜ್ ಇದೆ. ಅದನ್ನು ಹಾಕುವ ಬದಲು ಸ್ಕ್ರಿಪ್ಟಿನ ಆ ಒಂದು ಸಾಲು ತಿದ್ದಿದರೆ ಪಟ್ಟಿ ಚಿಕ್ಕದಾಗುತ್ತದೆ; ಹಾಗೇ ಮಾಡಿದ್ದು.

ಹಂತ 2: ಹುಡುಕುವುದಕ್ಕೆ ಬೇರೆಯೇ ಕಂಟೇನರ್

ಇಲ್ಲಿ ಬಹಳ ಜನ ಮೊದಲು ಕೊಡುವ ಕಮಾಂಡ್ ಇದು (ಎಸ್ ದೊಡ್ಡಕ್ಷರ):

ಡಿಪಿಕೆಜಿ -ಎಸ್ ಪಿಡಿಎಫ್‌ಟುಪಿಪಿಎಂ

ಉತ್ತರ ಬರುವುದಿಲ್ಲ, ಬರುವಂತೆಯೂ ಇಲ್ಲ. ಡಿಪಿಕೆಜಿ (ಡೆಬಿಯನ್‌ನಲ್ಲಿ ಪ್ಯಾಕೇಜ್ ಹಾಕುವ ಉಪಕರಣ) ನೋಡುವುದು /ವಾರ್/ಲಿಬ್/ಡಿಪಿಕೆಜಿ/ಇನ್ಫೋ ಒಳಗಿನ ಪಟ್ಟಿಗಳನ್ನು, ಅಂದರೆ ಈಗಾಗಲೇ ಇನ್‌ಸ್ಟಾಲ್ ಆಗಿರುವ ಪ್ಯಾಕೇಜುಗಳನ್ನು ಮಾತ್ರ. ಇನ್ನೂ ಬರದ ಫೈಲಿನ ಒಡೆಯ ಯಾರು ಎಂದು ಅದಕ್ಕೆ ಗೊತ್ತಿಲ್ಲ. ಭಂಡಾರದಿಂದ ಪ್ಯಾಕೇಜ್ ಇಳಿಸುವ ಆಪ್ಟ್‌ನ 'ಆಪ್ಟ್ ಸರ್ಚ್' ಕೂಡ ಸಾಲದು. ಅದು ಪ್ಯಾಕೇಜಿನ ಹೆಸರು ಮತ್ತು ವಿವರಣೆ ಹುಡುಕುತ್ತದೆಯೇ ಹೊರತು ಒಳಗಿರುವ ಫೈಲುಗಳನ್ನಲ್ಲ. ಪಿಎಸ್ ಎಂದು ಅಲ್ಲಿ ಹುಡುಕಿ ನೋಡಿ, ಪರದೆ ಉರುಳುತ್ತಲೇ ಇರುತ್ತದೆ.

ಬೇಕಾದ್ದು ಆಪ್ಟ್-ಫೈಲ್. ಡೆಬಿಯನ್ ಭಂಡಾರದಲ್ಲಿ ಪ್ರತಿ ಆರ್ಕಿಟೆಕ್ಚರಿಗೂ 'ಕಂಟೆಂಟ್ಸ್' ಎಂಬ ಸೂಚಿ ಇರುತ್ತದೆ: ಯಾವ ಹಾದಿಯ ಫೈಲ್, ಯಾವ ಪ್ಯಾಕೇಜ್, ಅಷ್ಟೇ. ಆಪ್ಟ್-ಫೈಲ್ ಓದುವುದು ಅದನ್ನು. ಕುಗ್ಗಿಸಿದ ಮೇಲೂ ಹತ್ತಾರು ಎಂಬಿ ಇರುವ ಸರಕು, ಆದ್ದರಿಂದ ಅಂತಿಮ ಇಮೇಜಿಗೆ ಇದನ್ನು ತರಬಾರದು. ಪಕ್ಕದಲ್ಲಿ ಒಂದು ತಾತ್ಕಾಲಿಕ ಕಂಟೇನರ್ ಎಬ್ಬಿಸಿದ್ದು:

ಡಾಕರ್ ರನ್ --ಆರ್‌ಎಂ -ಐಟಿ ಡೆಬಿಯನ್:12 ಬ್ಯಾಶ್
ಆಪ್ಟ್ ಅಪ್‌ಡೇಟ್
ಆಪ್ಟ್ ಇನ್‌ಸ್ಟಾಲ್ -ವೈ ಆಪ್ಟ್-ಫೈಲ್
ಆಪ್ಟ್-ಫೈಲ್ ಅಪ್‌ಡೇಟ್

ಕೊನೆಯ ಸಾಲು ಬಿಟ್ಟರೆ ಕ್ಯಾಶ್ ಖಾಲಿ ಇದೆ ಎಂದು ಗದರುತ್ತದೆ. ಗದರದೆ ತಪ್ಪು ಉತ್ತರ ಕೊಡುವ ಸಂದರ್ಭ ಬೇರೆ: ಹುಡುಕುವ ಕಂಟೇನರ್ ಡೆಬಿಯನ್ 13, ಕಟ್ಟುವ ಇಮೇಜ್ ಡೆಬಿಯನ್ 12 ಆದಾಗ. ಉದಾಹರಣೆಗೆ ಲಿಬ್‌ಜಿಥ್ರೆಡ್-2.0.ಎಸ್‌ಒ.0 ಫೈಲನ್ನು 12ರಲ್ಲಿ ಕೊಡುವುದು ಲಿಬ್‌ಜಿಲಿಬ್2.0-0; 32 ಬಿಟ್ ಯಂತ್ರಗಳ ಸಮಯದ ಲೆಕ್ಕವನ್ನು 64 ಬಿಟ್‌ಗೆ ಬದಲಿಸಿದ ಮೇಲೆ ಡೆಬಿಯನ್ 13 ಮತ್ತು ಉಬುಂಟು 24.04ರಲ್ಲಿ ಅದೇ ಪ್ಯಾಕೇಜಿನ ಹೆಸರಿನ ತುದಿಗೆ 'ಟಿ64' ಅಂಟಿಕೊಂಡಿತು. ಹಾಗಾಗಿ ಹುಡುಕುವ ಕಂಟೇನರಿನ ಆವೃತ್ತಿ ಕಟ್ಟುವ ಇಮೇಜಿನದೇ ಇರಬೇಕು. ಅಂತರ್ಜಾಲದಿಂದ ಎತ್ತಿಕೊಂಡ ಇನ್‌ಸ್ಟಾಲ್ ಸಾಲು ಕೈಕೊಡುವುದು ಹೆಚ್ಚಾಗಿ ಇದೇ ಕಾರಣಕ್ಕೆ.

ಹಂತ 3: ಸುಲಭದವು

ಆಪ್ಟ್-ಫೈಲ್ ಸರ್ಚ್ ಪಿಡಿಎಫ್‌ಟುಪಿಪಿಎಂ

ಉತ್ತರದಲ್ಲಿ ಪಾಪ್ಲರ್-ಯುಟಿಲ್ಸ್. ಹೆಸರು ಅಪರೂಪದ್ದಾದ್ದರಿಂದ ಕಸ ಕಡಿಮೆ. ಮ್ಯಾನ್ ಪೇಜಿನಂಥ ಒಂದೆರಡು ಸಾಲು ಜೊತೆಗೆ ಬರುತ್ತದೆ, ಅಷ್ಟೆ. ಆದರೆ ಪಿಎಸ್‌ಗೆ ಇದೇ ರೀತಿ ಕೇಳಿದರೆ ಹಾದಿಯಲ್ಲಿ ಎಲ್ಲೇ ಆ ಎರಡಕ್ಷರ ಇದ್ದರೂ ಹಿಡಿದು ತರುತ್ತದೆ. ಚಿಕ್ಕ ಹೆಸರುಗಳಿಗೆ -ಎಕ್ಸ್ ಸ್ವಿಚ್ಚು (ನಮೂನೆಯಾಗಿ ಹುಡುಕು ಎಂದು) ಮತ್ತು ಕೊನೆಯಲ್ಲಿ ಡಾಲರ್ ಗುರುತು (ಹಾದಿ ಇಲ್ಲಿಗೇ ಮುಗಿಯಬೇಕು ಎಂದು):

ಆಪ್ಟ್-ಫೈಲ್ ಸರ್ಚ್ -ಎಕ್ಸ್ 'ಬಿನ್/ಪಿಎಸ್$'

ಪ್ರೊಕ್‌ಪಿಎಸ್ ಎಂದು ಸಿಗುತ್ತದೆ. ಒಂಟಿ ಕೋಟ್ ಹಾಕುವುದು ರೂಢಿಯಾಗಲಿ; ಇಲ್ಲದಿದ್ದರೆ ಡಾಲರ್, ನಕ್ಷತ್ರಗಳನ್ನು ಶೆಲ್ ತನ್ನದೆಂದುಕೊಳ್ಳುತ್ತದೆ. ಪೂರ್ತಿ ಹಾದಿ ಗೊತ್ತಿದ್ದಾಗ -ಎಫ್ (ದೊಡ್ಡಕ್ಷರ) ಕೊಟ್ಟರೆ ಇದ್ದದ್ದನ್ನು ಇದ್ದ ಹಾಗೆ ಹೋಲಿಸುತ್ತದೆ.

ಹಂತ 4: ಕನ್ನಡ ಡೇಟಾ ಫೈಲ್

ಟೆಸರಾಕ್ಟ್-ಓಸಿಆರ್ ಹಾಕಿದರೆ ಇಂಗ್ಲಿಷ್ ಡೇಟಾ ಮತ್ತು ಪುಟದ ದಿಕ್ಕು ಗುರುತಿಸುವ ಡೇಟಾ ಮಾತ್ರ ಜೊತೆಗೆ ಬರುತ್ತವೆ. '-ಎಲ್ ಕನ್' ಎಂದು ಓಡಿಸಿದರೆ /ಯುಎಸ್‌ಆರ್/ಶೇರ್/ಟೆಸರಾಕ್ಟ್-ಓಸಿಆರ್/5/ಟೆಸ್‌ಡೇಟಾ/ಕನ್.ಟ್ರೇನ್ಡ್‌ಡೇಟಾ ತೆರೆಯಲಾಗಲಿಲ್ಲ ಎನ್ನುತ್ತದೆ. ಅಲ್ಲಿಗೇ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಮುಂದಿನ ಸಾಲಿನಲ್ಲಿ ಟೆಸ್‌ಡೇಟಾ_ಪ್ರಿಫಿಕ್ಸ್ (ಎಲ್ಲ ದೊಡ್ಡಕ್ಷರ) ಎಂಬ ಎನ್ವಿರಾನ್‌ಮೆಂಟ್ ವೇರಿಯಬಲ್ ಸರಿಯಿದೆಯೇ ನೋಡಿ ಎಂದು ಸಲಹೆಯನ್ನೂ ಕೊಡುತ್ತದೆ. ಅದನ್ನು ನಂಬಿ ವೇರಿಯಬಲ್ ಬದಲಿಸುತ್ತ ಕೂತರೆ ಇಂಗ್ಲಿಷೂ ಕೆಲಸ ನಿಲ್ಲಿಸುತ್ತದೆ. ಹಾದಿ ಸರಿಯಾಗಿಯೇ ಇದೆ, ಫೈಲ್ ಇಲ್ಲ.

ಆಪ್ಟ್-ಫೈಲ್ ಸರ್ಚ್ ಕನ್.ಟ್ರೇನ್ಡ್‌ಡೇಟಾ

ಟೆಸರಾಕ್ಟ್-ಓಸಿಆರ್-ಕನ್ ಬಂತು. ಇಲ್ಲಿ ಪೂರ್ತಿ ಹಾದಿ ಕೊಡದೆ ಬರೀ ಫೈಲ್ ಹೆಸರು ಕೊಟ್ಟಿರುವುದನ್ನು ಗಮನಿಸಿ. ಡೆಬಿಯನ್ 11ರಲ್ಲಿ ಇದೇ ಫೈಲಿನ ಹಾದಿಯಲ್ಲಿ '5' ಇದ್ದ ಜಾಗದಲ್ಲಿ '4.00' ಇತ್ತು. ಹಳೆಯ ಟಿಪ್ಪಣಿಯ ಹಾದಿಯನ್ನು ಹಾಗೇ ಅಂಟಿಸಿದ್ದರೆ ಏನೂ ಸಿಗುತ್ತಿರಲಿಲ್ಲ, ಕನ್ನಡವೇ ಇಲ್ಲವೇನೋ ಅನ್ನಿಸುತ್ತಿತ್ತು.

ದೊಡ್ಡ ಕೆ ಹಾಕಿ 'ಕನ್ನಡ.ಟ್ರೇನ್ಡ್‌ಡೇಟಾ' ಹುಡುಕಿದರೆ ಇನ್ನೊಂದು ಪ್ಯಾಕೇಜ್ ಸಿಗುತ್ತದೆ: ಟೆಸರಾಕ್ಟ್-ಓಸಿಆರ್-ಸ್ಕ್ರಿಪ್ಟ್-ಕೆಎನ್‌ಡಿಎ. ಮೊದಲನೆಯದು ಭಾಷೆಗೆ, ಇದು ಲಿಪಿಗೆ. ಕನ್ನಡ ಪುಸ್ತಕಕ್ಕೆ ಮೊದಲನೆಯದು ಸಾಕು.

ಹಾಕುವ ಮುಂಚೆ 'ಆಪ್ಟ್-ಫೈಲ್ ಲಿಸ್ಟ್ ಟೆಸರಾಕ್ಟ್-ಓಸಿಆರ್-ಕನ್' ಕೊಟ್ಟು ಒಳಗೇನಿದೆ ಎಂದು ನೋಡಬಹುದು. ಹಾಕಿದ ಮೇಲೆ 'ಟೆಸರಾಕ್ಟ್ --ಲಿಸ್ಟ್-ಲ್ಯಾಂಗ್ಸ್'. ಪಟ್ಟಿಯಲ್ಲಿ ಕನ್ ಕಂಡರೆ ಮುಂದೆ.

ಹಂತ 5: ಎನ್‌ಸಿ, ಈ ಕೆಲಸದ ಕಗ್ಗಂಟು

ಪಕ್ಕದ ಡೇಟಾಬೇಸ್ ಕಂಟೇನರ್ ಎದ್ದಿದೆಯೇ ಎಂದು ನೋಡಲು ಸ್ಟಾರ್ಟ್ ಸ್ಕ್ರಿಪ್ಟ್ 'ಎನ್‌ಸಿ -ಝಡ್' ಬಳಸುತ್ತದೆ. ಹಳೆಯ ಡಾಕರ್‌ಫೈಲುಗಳಲ್ಲಿ ಇದಕ್ಕೆ 'ನೆಟ್‌ಕ್ಯಾಟ್' ಎಂದು ಬರೆದಿರುತ್ತದೆ. ಡೆಬಿಯನ್ 12ರಲ್ಲಿ ಅದು ಬರೀ ವರ್ಚುವಲ್ ಹೆಸರು. ಕೊಡುವವರು ಇಬ್ಬರಿದ್ದಾರೆ, ಒಬ್ಬರನ್ನು ಆರಿಸು ಎಂದು ಹೇಳಿ ಆಪ್ಟ್ ಕೈತೊಳೆದುಕೊಳ್ಳುತ್ತದೆ. ಸರಿ, ಫೈಲಿನ ಹೆಸರಿನಿಂದಲೇ ಹುಡುಕೋಣ:

ಆಪ್ಟ್-ಫೈಲ್ ಸರ್ಚ್ -ಎಕ್ಸ್ 'ಬಿನ್/ಎನ್‌ಸಿ$'

ಬೇಕಾದ ಪ್ಯಾಕೇಜ್ ಈ ಉತ್ತರದಲ್ಲಿ ಇಲ್ಲ. ಕಾರಣ, ಆ ಪ್ಯಾಕೇಜಿನೊಳಗೆ ಎನ್‌ಸಿ ಎಂಬ ಫೈಲೇ ಇಲ್ಲ. ನೆಟ್‌ಕ್ಯಾಟ್-ಓಪನ್‌ಬಿಎಸ್‌ಡಿ ತರುವುದು ಎನ್‌ಸಿ.ಓಪನ್‌ಬಿಎಸ್‌ಡಿ ಎಂಬ ಫೈಲನ್ನು, ನೆಟ್‌ಕ್ಯಾಟ್-ಟ್ರೆಡಿಶನಲ್ ತರುವುದು ಎನ್‌ಸಿ.ಟ್ರೆಡಿಶನಲ್ ಅನ್ನು. ಇನ್‌ಸ್ಟಾಲ್ ಮುಗಿಯುವಾಗ ಓಡುವ ಸ್ಕ್ರಿಪ್ಟ್, ಅಪ್‌ಡೇಟ್-ಆಲ್ಟರ್ನೇಟಿವ್ಸ್ ಕರೆದು 'ಎನ್‌ಸಿ' ಎಂಬ ಕೊಂಡಿಯನ್ನು ಆಮೇಲೆ ಹುಟ್ಟಿಸುತ್ತದೆ. ಹುಟ್ಟಿದ್ದು ಆಮೇಲೆ, ಆದ್ದರಿಂದ ಸೂಚಿಯಲ್ಲಿ ಇಲ್ಲ. ವಿಐ ಮತ್ತು ಆಕ್ ಕೂಡ ಇದೇ ಜಾತಿಯವು: ವಿಮ್-ಟೈನಿ ತರುವುದು ವಿಮ್.ಟೈನಿ, ಆಕ್ ಕೊಂಡಿಯ ಹಿಂದಿರುವುದು ಸಾಮಾನ್ಯವಾಗಿ ಮಾಕ್.

ದಾರಿ: ಹೆಸರಿನ ಕೊನೆಗೆ ಚುಕ್ಕೆ ಇಟ್ಟು ಹುಡುಕುವುದು.

ಆಪ್ಟ್-ಫೈಲ್ ಸರ್ಚ್ -ಎಕ್ಸ್ 'ಬಿನ್/ಎನ್‌ಸಿ\.'

ಈಗ ಎರಡೂ ಪ್ಯಾಕೇಜುಗಳು ಬಂದವು. ನೆಟ್‌ಕ್ಯಾಟ್-ಓಪನ್‌ಬಿಎಸ್‌ಡಿ ಆರಿಸಿದ್ದು.

ಇನ್‌ಸ್ಟಾಲ್ ಆದ ಮೇಲೆ ಉಲ್ಟಾ ಹುಡುಕಾಟವೂ ಇಲ್ಲಿ ಎಡವುತ್ತದೆ, ಅದೂ ಎರಡು ಕಡೆ. 'ಕಮಾಂಡ್ -ವಿ ಎನ್‌ಸಿ' ಕೊಡುವ ಹಾದಿಯನ್ನು ಡಿಪಿಕೆಜಿಗೆ ಕೊಟ್ಟರೆ ಹಾದಿ ಯಾರದೂ ಅಲ್ಲ ಎನ್ನುತ್ತದೆ. ಕೊಂಡಿ ಯಾವ ಪಟ್ಟಿಯಲ್ಲೂ ಇಲ್ಲವಲ್ಲ. ಕೊಂಡಿಯ ತುದಿ ಹಿಡಿಯಲು 'ರೀಡ್‌ಲಿಂಕ್ -ಎಫ್' (ಸಣ್ಣಕ್ಷರ) ಹಾಕಿದರೆ /ಯುಎಸ್‌ಆರ್/ಬಿನ್/ಎನ್‌ಸಿ.ಓಪನ್‌ಬಿಎಸ್‌ಡಿ ಬರುತ್ತದೆ. ಅದನ್ನು ಕೊಟ್ಟರೂ ಡಿಪಿಕೆಜಿ ಮತ್ತೆ ಗೊತ್ತಿಲ್ಲ ಎನ್ನುತ್ತದೆ! ಡೆಬಿಯನ್ 12ರಲ್ಲಿ /ಬಿನ್ ಎಂಬುದು /ಯುಎಸ್‌ಆರ್/ಬಿನ್‌ಗೆ ಕೊಂಡಿ. ಡಿಸ್ಕಿನಲ್ಲಿ ಎರಡೂ ಒಂದೇ ಜಾಗ. ಡಿಪಿಕೆಜಿಯ ಪಟ್ಟಿಯಲ್ಲಿ ಮಾತ್ರ ಪ್ಯಾಕೇಜ್ ಮಾಡಿದವರು ಬರೆದ ಹಳೆಯ ಹಾದಿ, ಅಂದರೆ /ಬಿನ್/ಎನ್‌ಸಿ.ಓಪನ್‌ಬಿಎಸ್‌ಡಿ, ಹಾಗೇ ಇದೆ. ಪಿಎಸ್, ಎಲ್‌ಎಸ್ ಮುಂತಾದವಕ್ಕೂ 12ರಲ್ಲಿ ಇದೇ ಪಾಡು. ಎರಡೂ ಗಂಟನ್ನು ಬಿಚ್ಚುವ ರೂಪ (ಎಸ್ ದೊಡ್ಡಕ್ಷರ):

ಡಿಪಿಕೆಜಿ -ಎಸ್ '*/ಬಿನ್/ಎನ್‌ಸಿ.ಓಪನ್‌ಬಿಎಸ್‌ಡಿ'

ನಕ್ಷತ್ರ ಇದ್ದರೆ ಡಿಪಿಕೆಜಿ ಅದನ್ನು ಪೂರ್ತಿ ಹಾದಿಯ ನಮೂನೆ ಎಂದು ಓದುತ್ತದೆ. ಎರಡರಲ್ಲಿ ಯಾವ ಬಿನ್ ಆದರೂ ಸಿಗುತ್ತದೆ. ನಕ್ಷತ್ರವೂ ಇಲ್ಲದೆ, ಮುಂದೆ ಸ್ಲ್ಯಾಶೂ ಇಲ್ಲದೆ ಬರೆದರೆ ಎಲ್ಲೇ ಹೊಂದಿದರೂ ತರುತ್ತದೆ, ಪಿಎಸ್‌ನ ಕಥೆ ಮತ್ತೆ ಶುರು.

ಹಂತ 6: ಲಿಬ್‌ಜಿಎಲ್.ಎಸ್‌ಒ.1

ಪೈಥಾನಿನಲ್ಲಿ ಸಿವಿ2 (ಓಪನ್‌ಸಿವಿಯ ಮಾಡ್ಯೂಲ್) ಇಂಪೋರ್ಟ್ ಮಾಡಿದ ಕೂಡಲೇ 'ಲಿಬ್‌ಜಿಎಲ್.ಎಸ್‌ಒ.1: ಕೆನಾಟ್ ಓಪನ್ ಶೇರ್ಡ್ ಆಬ್ಜೆಕ್ಟ್ ಫೈಲ್'. ಸ್ಲಿಮ್ ಇಮೇಜಿನಲ್ಲಿ ಓಪನ್‌ಸಿವಿ ಹಾಕಿದವರೆಲ್ಲ ಕಂಡ ಎರರ್ ಇದು. ಇದೊಂದನ್ನು ಸರಿಮಾಡಿದರೆ ಲಿಬ್‌ಜಿಥ್ರೆಡ್ ಇಲ್ಲ ಎಂದು ಮುಂದಿನದು ಕಾದಿರುತ್ತದೆ. ಒಂದೊಂದಾಗಿ ಬೀಳುವುದನ್ನು ಕಾಯದೆ, ಪಿಪ್ (ಪೈಥಾನಿನದೇ ಪ್ಯಾಕೇಜ್ ಉಪಕರಣ) ಇಳಿಸಿದ ಸಿವಿ2 ಫೋಲ್ಡರಿನಲ್ಲಿರುವ .ಎಸ್‌ಒ ಫೈಲಿಗೆ:

ಎಲ್‌ಡಿಡಿ ಸಿವಿ2.ಎಬಿಐ3.ಎಸ್‌ಒ | ಗ್ರೆಪ್ 'ನಾಟ್ ಫೌಂಡ್'

ಇಲ್ಲದವೆಲ್ಲ ಒಟ್ಟಿಗೆ ಬರುತ್ತವೆ. ಒಂದು ಎಚ್ಚರ: ಇಲ್ಲದ ಲೈಬ್ರರಿಗೆ ಇನ್ನೇನು ಬೇಕು ಎಂದು ಎಲ್‌ಡಿಡಿಗೆ ತಿಳಿಯದು, ಆದ್ದರಿಂದ ಹಾಕಿದ ಮೇಲೆ ಇನ್ನೊಮ್ಮೆ ಓಡಿಸಬೇಕು. ಎಲ್ಲಿಂದಲೋ ಇಳಿಸಿದ ನಂಬಿಕೆ ಇಲ್ಲದ ಬೈನರಿಯ ಮೇಲೆ ಎಲ್‌ಡಿಡಿ ಬೇಡ, ಅದು ಆ ಬೈನರಿಯ ಕೋಡನ್ನೇ ಓಡಿಸುವ ಸಾಧ್ಯತೆ ಇದೆ. 'ಆಬ್ಜ್‌ಡಂಪ್ -ಪಿ' ಕೊಟ್ಟು ನೀಡೆಡ್ ಸಾಲುಗಳನ್ನು ಓದಿದರೆ ಸಾಕು.

'ಆಪ್ಟ್-ಫೈಲ್ ಸರ್ಚ್ ಲಿಬ್‌ಜಿಎಲ್.ಎಸ್‌ಒ.1' ಒಂದಕ್ಕಿಂತ ಹೆಚ್ಚು ಪ್ಯಾಕೇಜ್ ತೋರಿಸುತ್ತದೆ. ಆರಿಸುವ ರೀತಿ ಹೀಗೆ: ಫೈಲ್ ನೇರವಾಗಿ /ಯುಎಸ್‌ಆರ್/ಲಿಬ್/ಎಕ್ಸ್86_64-ಲಿನಕ್ಸ್-ಗ್ನು ಒಳಗೆ ಇರುವ ಸಾಲು ಯಾವುದೋ ಅದು, ಅಂದರೆ ಲಿಬ್‌ಜಿಎಲ್1. ಅದರಡಿಯ ಪ್ರೈಮಸ್‌ನಂಥ ಒಳ ಫೋಲ್ಡರಿನಲ್ಲಿರುವುದು ಬೇರೆ ಉದ್ದೇಶದ್ದು, ಲೋಡರ್ ತಾನಾಗಿ ಅಲ್ಲಿಗೆ ಹೋಗುವುದಿಲ್ಲ. ಕೊನೆಯ ಸಂಖ್ಯೆ ಇಲ್ಲದ ಬರೀ ಲಿಬ್‌ಜಿಎಲ್.ಎಸ್‌ಒ ಇರುವುದು -ಡೆವ್ ಪ್ಯಾಕೇಜಿನಲ್ಲಿ. ಅದು ಕಂಪೈಲ್ ಮಾಡುವವರಿಗೆ. ಹೆಡರ್ ಫೈಲುಗಳೂ ಅಲ್ಲೇ. ಪೈಥಾನ್.ಎಚ್ (ಪಿ ದೊಡ್ಡಕ್ಷರ) ಹುಡುಕಿದರೆ ಲಿಬ್‌ಪೈಥಾನ್3.11-ಡೆವ್ ಎಂದು ಬರುತ್ತದೆ, ಆದರೆ ಡಾಕರ್‌ಫೈಲಿನಲ್ಲಿ ಬರೆಯಬೇಕಾದ್ದು ಪೈಥಾನ್3-ಡೆವ್. ಅದು ಇದನ್ನು ಎಳೆದು ತರುತ್ತದೆ, ಆವೃತ್ತಿ ಬದಲಾದಾಗ ಹೆಸರು ತಿದ್ದುವ ಕೆಲಸವೂ ತಪ್ಪುತ್ತದೆ.

ಹಳೆಯ ಉತ್ತರಗಳಲ್ಲಿ ಲಿಬ್‌ಜಿಎಲ್1-ಮೆಸಾ-ಜಿಎಲ್‌ಎಕ್ಸ್ ಎಂದಿರುತ್ತದೆ. ಡೆಬಿಯನ್ 12ರಲ್ಲಿ ಅದು ಬರೀ ದಾರಿ ತೋರಿಸುವ ಖಾಲಿ ಪ್ಯಾಕೇಜ್. 13ರಲ್ಲಿ ಇಲ್ಲವೇ ಇಲ್ಲ.

ಒಡೆಯ ಸಿಕ್ಕ ಎಂದು ಹಾಕಿಬಿಡುವ ಮುಂಚೆ ಖರ್ಚು ನೋಡಿದ್ದು:

ಆಪ್ಟ್-ಗೆಟ್ ಇನ್‌ಸ್ಟಾಲ್ -ಎಸ್ --ನೋ-ಇನ್‌ಸ್ಟಾಲ್-ರೆಕಮೆಂಡ್ಸ್ ಲಿಬ್‌ಜಿಎಲ್1

ಸಣ್ಣಕ್ಷರದ -ಎಸ್ ಇದ್ದರೆ ಏನೂ ಇಳಿಯದು, ಪಟ್ಟಿ ಮಾತ್ರ. ಲಿಬ್‌ಜಿಎಲ್1ರ ಹಿಂದೆ ಮೆಸಾ ಎಂಬ ಗ್ರಾಫಿಕ್ಸ್ ಡ್ರೈವರುಗಳ ಕಟ್ಟು, ಮೆಸಾದ ಹಿಂದೆ ಎಲ್‌ಎಲ್‌ವಿಎಂ 15 ಎಂಬ ಕಂಪೈಲರ್ ಲೈಬ್ರರಿ. ಅದೊಂದೇ ಡಿಸ್ಕಿನಲ್ಲಿ ನೂರು ಎಂಬಿ ಆಸುಪಾಸು. ಇವೆಲ್ಲ ಕಡ್ಡಾಯ ಅವಲಂಬನೆಗಳು, ರೆಕಮೆಂಡ್ಸ್ ಬಿಟ್ಟರೂ ಹೋಗುವುದಿಲ್ಲ. ಪರದೆಯೇ ಇಲ್ಲದ ಕಂಟೇನರಿನಲ್ಲಿ ಪುಟ ತಿರುಗಿಸಲು ಗ್ರಾಫಿಕ್ಸ್ ಡ್ರೈವರ್ ಏಕೆ? ಪಿಪ್ ಪಟ್ಟಿಯಲ್ಲಿ ಓಪನ್‌ಸಿವಿ-ಪೈಥಾನ್ ತೆಗೆದು ಓಪನ್‌ಸಿವಿ-ಪೈಥಾನ್-ಹೆಡ್‌ಲೆಸ್ ಹಾಕಿದರೆ ಲಿಬ್‌ಜಿಎಲ್ ಬೇಕೇ ಆಗುವುದಿಲ್ಲ. ಕಿಟಕಿ ತೆರೆದು ಚಿತ್ರ ತೋರಿಸುವ ಐಎಂಶೋ ಮಾತ್ರ ಅದರಲ್ಲಿ ಓಡದು. ಎರಡನ್ನೂ ಒಟ್ಟಿಗೆ ಇಡಬಾರದು. ಎರಡೂ ಒಂದೇ ಸಿವಿ2 ಫೋಲ್ಡರಿನ ಮೇಲೆ ಬರೆಯುತ್ತವೆ. ಮೊದಲನೆಯದನ್ನು ಅನ್‌ಇನ್‌ಸ್ಟಾಲ್ ಮಾಡಿಯೇ ಎರಡನೆಯದು.

ಅಂದಹಾಗೆ ಸಿವಿ2 ಎಂಬ ಮಾಡ್ಯೂಲಿಗೂ ಓಪನ್‌ಸಿವಿ-ಪೈಥಾನ್ ಎಂಬ ಪ್ಯಾಕೇಜ್ ಹೆಸರಿಗೂ ಏನೂ ಹೊಂದಿಕೆ ಇಲ್ಲ. ಪಿಐಎಲ್ (ದೊಡ್ಡಕ್ಷರ) ಎಂದು ಇಂಪೋರ್ಟ್ ಮಾಡುವುದು ಪಿಲ್ಲೋದಿಂದ. ಈಗಾಗಲೇ ಇನ್‌ಸ್ಟಾಲ್ ಆಗಿದ್ದರೆ ಪೈಥಾನ್ 3.10ರಿಂದೀಚೆಗೆ ಇಂಪೋರ್ಟ್‌ಲಿಬ್.ಮೆಟಾಡೇಟಾ ಒಳಗಿನ ಪ್ಯಾಕೇಜಸ್_ಡಿಸ್ಟ್ರಿಬ್ಯೂಶನ್ಸ್ ಎಂಬ ಫಂಕ್ಷನ್ ಯಾವ ಮಾಡ್ಯೂಲ್ ಯಾವ ಪ್ಯಾಕೇಜಿನದೆಂದು ಹೇಳುತ್ತದೆ. ಪಿಪ್ ಹಾಕಿದ್ದನ್ನು ಡಿಪಿಕೆಜಿಗೆ ಕೇಳಬಾರದು. /ಯುಎಸ್‌ಆರ್/ಲೋಕಲ್ ಒಳಗಿನದೂ ಅದಕ್ಕೆ ಸೇರಿದ್ದಲ್ಲ, ಹಾಗಾಗಿ ಪೈಥಾನ್:3.11-ಸ್ಲಿಮ್ ಇಮೇಜಿನ ಪೈಥಾನ್ ಯಾವ ಪ್ಯಾಕೇಜಿನದು ಎಂದರೆ ಯಾವುದರದ್ದೂ ಅಲ್ಲ.

ಹಂತ 7: ಒಡೆಯರಿಲ್ಲದ ಫೈಲುಗಳು

ಕೆಎನ್_ಐಎನ್.ಯುಟಿಎಫ್-8 (ಐಎನ್, ಯುಟಿಎಫ್ ದೊಡ್ಡಕ್ಷರ) ಲೊಕೇಲ್, ಅಂದರೆ ಭಾಷೆ-ಪ್ರದೇಶದ ಹೊಂದಿಕೆ, ಹೊಂದಿಸಲಾಗಲಿಲ್ಲ ಎಂಬ ಎಚ್ಚರಿಕೆ ಬಂದಾಗ ಲೊಕೇಲ್-ಆರ್ಕೈವ್ ಫೈಲನ್ನು ಹುಡುಕಿ ಉಪಯೋಗವಿಲ್ಲ. ಅದು ಯಂತ್ರದಲ್ಲೇ ಲೊಕೇಲ್-ಜೆನ್ ತಯಾರಿಸುವ ಫೈಲ್. ಸೂಚಿಯಲ್ಲಿ ಸಿಗುವುದು ಅದರ ಮೂಲವಾದ /ಯುಎಸ್‌ಆರ್/ಶೇರ್/ಐ18ಎನ್/ಲೊಕೇಲ್ಸ್/ಕೆಎನ್_ಐಎನ್. ಅದರ ಪ್ಯಾಕೇಜ್ ಲೊಕೇಲ್ಸ್. ಈ ಕೆಲಸಕ್ಕೆ ಅದೂ ಬೇಡ. ಕನ್ನಡ ಪಠ್ಯ ಬರೆಯಲು ಯುಟಿಎಫ್-8 ಇದ್ದರಾಯಿತು, ಸಿ.ಯುಟಿಎಫ್-8 (ಎಲ್ಲ ದೊಡ್ಡಕ್ಷರ) ಇಮೇಜಿನಲ್ಲಿ ಮೊದಲೇ ಇದೆ. ದಿನಾಂಕ, ವಾರಗಳ ಹೆಸರು ಕನ್ನಡದಲ್ಲಿ ಬೇಕೆಂದರೆ ಮಾತ್ರ ಕೆಎನ್_ಐಎನ್. ಸರ್ಟಿಫಿಕೇಟುಗಳ ದೊಡ್ಡ ಕಟ್ಟು ಸಿಎ-ಸರ್ಟಿಫಿಕೇಟ್ಸ್.ಸಿಆರ್‌ಟಿ ಕೂಡ ಹೀಗೆ ಹುಟ್ಟಿಸಿದ ಫೈಲೇ.

ಇದರ ತಿರುವೂ ಉಂಟು: ಸ್ಲಿಮ್ ಇಮೇಜ್ ದಾಖಲೆ ಫೈಲುಗಳನ್ನು ಇನ್‌ಸ್ಟಾಲ್ ವೇಳೆಯೇ ಬಿಟ್ಟುಬಿಡುತ್ತದೆ. 'ಡಿಪಿಕೆಜಿ -ಎಲ್' (ದೊಡ್ಡಕ್ಷರ) ಮ್ಯಾನ್ ಪೇಜ್ ಇದೆ ಎಂದು ತೋರಿಸುತ್ತದೆ, ಡಿಸ್ಕಿನಲ್ಲಿ ಇರುವುದಿಲ್ಲ. ಪ್ಯಾಕೇಜ್ ಮತ್ತೆ ಹಾಕಿದರೂ ಬರದು, /ಇಟಿಸಿ/ಡಿಪಿಕೆಜಿ/ಡಿಪಿಕೆಜಿ.ಸಿಎಫ್‌ಜಿ.ಡಿ ಒಳಗಿನ ಪಾತ್-ಎಕ್ಸ್‌ಕ್ಲೂಡ್ ಸಾಲು ತೆಗೆಯಬೇಕು.

ಹಂತ 8: ಅದೇ ಪಟ್ಟಿ ಫೆಡೋರಾದಲ್ಲಿ

ಫೆಡೋರಾ ಎಂಬ ಈ ಇನ್ನೊಂದು ಲಿನಕ್ಸಿನಲ್ಲಿ ಬೇರೆ ಉಪಕರಣ ಬೇಡ, ಅದರ ಪ್ಯಾಕೇಜ್ ಉಪಕರಣವಾದ ಡಿಎನ್‌ಎಫ್ ತಾನೇ ಹುಡುಕುತ್ತದೆ.

ಡಿಎನ್‌ಎಫ್ ಪ್ರೊವೈಡ್ಸ್ '*/ಕನ್.ಟ್ರೇನ್ಡ್‌ಡೇಟಾ'

ಟೆಸರಾಕ್ಟ್-ಲ್ಯಾಂಗ್‌ಪ್ಯಾಕ್-ಕನ್ ಸಿಗುತ್ತದೆ. ಪಿಎಸ್‌ಗೆ ಪ್ರೊಕ್‌ಪಿಎಸ್-ಎನ್‌ಜಿ, ಎನ್‌ಸಿಗೆ ಎನ್‌ಮ್ಯಾಪ್-ಎನ್‌ಕ್ಯಾಟ್, ಪಿಡಿಎಫ್‌ಟುಪಿಪಿಎಂಗೆ ಅದೇ ಪಾಪ್ಲರ್-ಯುಟಿಲ್ಸ್. ಲೈಬ್ರರಿಗಾದರೆ 'ಲಿಬ್‌ಜಿಎಲ್.ಎಸ್‌ಒ.1()(64ಬಿಟ್)' ಎಂದು ಆವರಣ ಸಮೇತ ಕೇಳಬಹುದು, ಲಿಬ್‌ಜಿಎಲ್‌ವಿಎನ್‌ಡಿ-ಜಿಎಲ್‌ಎಕ್ಸ್ ಬರುತ್ತದೆ. ಇನ್ನೂ ಚಿಕ್ಕ ದಾರಿ 'ಡಿಎನ್‌ಎಫ್ ಇನ್‌ಸ್ಟಾಲ್ /ಯುಎಸ್‌ಆರ್/ಬಿನ್/ಪಿಡಿಎಫ್‌ಟುಪಿಪಿಎಂ': ಹಾದಿ ಕೊಟ್ಟರೆ ಪ್ಯಾಕೇಜನ್ನು ಅದೇ ಕಂಡುಕೊಳ್ಳುತ್ತದೆ. ಡೆಬಿಯನ್‌ನಲ್ಲಿ ಈ ಸೌಕರ್ಯ ಇಲ್ಲದಿರುವುದು ನಿಜಕ್ಕೂ ಕೊರತೆ. ಇನ್‌ಸ್ಟಾಲ್ ಆದದ್ದಕ್ಕೆ 'ಆರ್‌ಪಿಎಂ -ಕ್ಯೂಎಫ್'.

ಫೆಡೋರಾ 40ರಿಂದ ಪೂರ್ತಿ ಫೈಲ್ ಪಟ್ಟಿ ಮೊದಲೇ ಇಳಿಯುವುದಿಲ್ಲ. ಬಿನ್ ಮತ್ತು ಇಟಿಸಿ ಹಾದಿಗಳು ಮುಖ್ಯ ಮೆಟಾಡೇಟಾದಲ್ಲೇ ಇರುತ್ತವೆ, ಉಳಿದದ್ದನ್ನು ಕೇಳಿದಾಗ ತರುತ್ತದೆ. ಟ್ರೇನ್ಡ್‌ಡೇಟಾ ಹುಡುಕುವಾಗ ಮೊದಲ ಸಲ ತಡವಾದರೆ ಕಾರಣ ಅದು. ರೆಡ್ ಹ್ಯಾಟ್ 9ರ ಬಳಗದಲ್ಲಿ ಏನೂ ಸಿಗದಿದ್ದರೆ ಸಿಆರ್‌ಬಿ ಎಂಬ ಹೆಚ್ಚುವರಿ ಭಂಡಾರ ಮುಚ್ಚಿರುವ ಸಾಧ್ಯತೆಯೇ ಹೆಚ್ಚು. ಈಪೆಲ್ ಎಂಬ ಇನ್ನೊಂದು ಭಂಡಾರವನ್ನೂ ಸೇರಿಸಿರಬೇಕು.

ಹಂತ 9: ಕೊನೆಯ ಸಾಲು ಮತ್ತು ಕಾವಲು

ಡೆಬಿಯನ್ 12ಕ್ಕೆ ಉಳಿದ ಪಟ್ಟಿ: ಪಾಪ್ಲರ್-ಯುಟಿಲ್ಸ್, ಟೆಸರಾಕ್ಟ್-ಓಸಿಆರ್, ಟೆಸರಾಕ್ಟ್-ಓಸಿಆರ್-ಕನ್, ಪ್ರೊಕ್‌ಪಿಎಸ್, ನೆಟ್‌ಕ್ಯಾಟ್-ಓಪನ್‌ಬಿಎಸ್‌ಡಿ, ಪೈಥಾನ್3-ವೆನ್ವ್ (ಪಿಪ್ ಹಾಕುವುದನ್ನು ಪ್ರತ್ಯೇಕ ಫೋಲ್ಡರಿನಲ್ಲಿಡುವ ವೆನ್ವ್‌ಗಾಗಿ; ಪೈಥಾನ್3 ಕೂಡ ಇದರ ಜೊತೆಗೇ ಬರುತ್ತದೆ). ಎಲ್ಲವೂ ಒಂದೇ ರನ್ ಸಾಲಿನಲ್ಲಿ, --ನೋ-ಇನ್‌ಸ್ಟಾಲ್-ರೆಕಮೆಂಡ್ಸ್ ಜೊತೆ. ಅದೇ ಸಾಲಿನ ತುದಿಯಲ್ಲಿ /ವಾರ್/ಲಿಬ್/ಆಪ್ಟ್/ಲಿಸ್ಟ್ಸ್ ಅಳಿಸುವುದು. ಬೇರೆ ಸಾಲಿನಲ್ಲಿ ಅಳಿಸಿದರೆ ಹಳೆಯ ಪದರದಲ್ಲಿ ಭಾರ ಹಾಗೇ ಉಳಿಯುತ್ತದೆ. ಪ್ರತಿ ಪ್ಯಾಕೇಜಿನ ಪಕ್ಕ ಅದು ಯಾವ ಫೈಲಿಗಾಗಿ ಬಂತು ಎಂದು ಕಮೆಂಟ್ ಬರೆದಿಟ್ಟಿದೆ. ಡೆಬಿಯನ್ 13ಕ್ಕೆ ಹೋಗುವಾಗ ಹುಡುಕಬೇಕಾದ್ದು ಆ ಫೈಲ್ ಹೆಸರುಗಳನ್ನೇ.

ಬಿಲ್ಡಿನ ಕೊನೆಗೆ ಮೂರು ಪರೀಕ್ಷೆ: 'ಟೆಸರಾಕ್ಟ್ --ಲಿಸ್ಟ್-ಲ್ಯಾಂಗ್ಸ್ | ಗ್ರೆಪ್ -ಕ್ಯೂಎಕ್ಸ್ ಕನ್', ವೆನ್ವ್‌ನ ಪೈಥಾನಿನಿಂದ ಸಿವಿ2 ಇಂಪೋರ್ಟ್, 'ಕಮಾಂಡ್ -ವಿ ಎನ್‌ಸಿ'. ಒಂದು ಬಿದ್ದರೂ ಬಿಲ್ಡ್ ಅಲ್ಲೇ ನಿಲ್ಲುತ್ತದೆ. ಆಮೇಲೆ ನಿಜವಾದ ಪುಟ: ಪಿಡಿಎಫ್‌ಟುಪಿಪಿಎಂಗೆ '-ಆರ್ 300 -ಗ್ರೇ -ಪಿಎನ್‌ಜಿ', ಟೆಸರಾಕ್ಟಿಗೆ '-ಎಲ್ ಕನ್+ಇಂಗ್ --ಪಿಎಸ್‌ಎಂ 6'. ಆರ್ ಕೊಡದಿದ್ದರೆ ಪಿಡಿಎಫ್‌ಟುಪಿಪಿಎಂ 150 ಡಿಪಿಐಗೆ ಇಳಿಯುತ್ತದೆ, ಒತ್ತಕ್ಷರಗಳು ಅಲ್ಲೇ ಕಲಸಿಹೋಗುತ್ತವೆ.